ವಿಮಾನಕ್ಕೆ ಹೊರಟ ಕಮಾನು

ನಮ್ಮ ಮಾಳಿಗೆಯ ಮೇಲೆ, ನೀರಿನ ಟ್ಯಾಂಕಿನ ಪಕ್ಕದಲ್ಲಿ, ಬೂದುಬಣ್ಣದ ಒಂದು ಪಿವಿಸಿ ಪೈಪಿನ ತುಂಡು ನಿಂತಿದೆ. ಕೆಳಗಿನ ಬಾಯಿ ಭದ್ರವಾಗಿ ಮುಚ್ಚಿದೆ. ಮೇಲಿನ ಬಾಯನ್ನು ಕೈ ನಡುಗುವವರು ಯಾರೋ ಕೊಯ್ದಂತೆ ಸೊಟ್ಟಗೆ ಕೊಯ್ದಿದೆ. ಒಳಗೆ ಮಣ್ಣು ತುಂಬಿ ಪುದೀನ ನೆಟ್ಟಿದ್ದೇನೆ. ಮನೆಗೆ ಬಂದವರು, 'ಕುಂಡ ಸಿಗಲಿಲ್ಲೇನ್ರಿ ಕೊಟ್ಟೂರಾಗ?' ಎಂದು ಕೇಳುತ್ತಾರೆ. ಸಿಗುತ್ತದೆ. ಆದರೆ ವಿಮಾನ ನಿಲ್ದಾಣ ನೋಡಿ ಬಂದ ಕುಂಡ ಎಲ್ಲಿ ಸಿಗಬೇಕು?

ನೀವು ವಿಮಾನ ಹತ್ತಿರುತ್ತೀರಿ. ಈಗ ಹತ್ತದವರು ಯಾರಿದ್ದಾರೆ? ಹತ್ತದೆ ಉಳಿದವಳು ನಾನೊಬ್ಬಳೇ ಎಂದು ನಮ್ಮ ಓಣಿಯವರೆಲ್ಲ ಸೇರಿ ತೀರ್ಮಾನಿಸಿದ್ದರು. ನಾನು ಕೊಟ್ಟೂರಿನಲ್ಲಿ ಪಿಟೀಲು ಪಾಠ ಹೇಳುವವಳು. ನಮ್ಮ ಕಡೆ ಪಿಟೀಲು ನುಡಿಸುತ್ತಾರೆ ಎನ್ನುವುದಿಲ್ಲ, ಕುಯ್ಯುತ್ತಾರೆ ಎನ್ನುತ್ತಾರೆ. ಕಟ್ಟಿಗೆ ಕುಯ್ಯುವವನಿಗೆ ಸಂಜೆ ಹೊತ್ತಿಗೆ ಒಟ್ಟಿದ ಸೌದೆಯಾದರೂ ಕಾಣಿಸುತ್ತದೆ. ನನಗೆ ಅದೂ ಇಲ್ಲ. ಹೀಗೆ ಕುಯ್ದುಕೊಂಡು ಕಾಲ ಹಾಕುತ್ತಿದ್ದವಳಿಗೆ ಒಂದು ದಿನ ಹಡಗಲಿಯಿಂದ ಪಾರ್ವತಕ್ಕನ ಫೋನು ಬಂತು. ಪಾರ್ವತಕ್ಕ ನಿವೃತ್ತ ಶಾಲಾ ಶಿಕ್ಷಕಿ, ವಚನ ಹಾಡುತ್ತಾಳೆ, ಅವಳಿಗೆ ನಾನೇ ಪಕ್ಕವಾದ್ಯ.

'ವಿಶಾಲೀ, ದಿಲ್ಲಿಗೆ ಕರದಾರ. ಅಲ್ಲಿ ನಮ್ಮ ಕನ್ನಡದವರ ಸಂಘ ಐತಂತ. ವಿಮಾನದಾಗ ಕರಕೊಂಡು ಹೊಕ್ಕಾರಂತ. ಹುಬ್ಬಳ್ಳಿಯಿಂದ ಹತ್ತೂದು.'

'ಪಿಟೀಲು?' ಎಂದೆ.

'ಅದೂ ಬರತೈತಿ. ಅದಕ್ಕೇನು ಕಾಲಿಲ್ಲ, ಕೈಯಾಗ ಹಿಡಕೊಂಡು ಬಾ.'

ಪಿಟೀಲು ಬರುತ್ತದೆ, ಸರಿ. ಕಮಾನು? ಪಿಟೀಲಿನ ಗುಟ್ಟು ನಿಮಗೆ ಹೇಳಿಬಿಡುತ್ತೇನೆ. ಪಿಟೀಲು ಬರೀ ಡಬ್ಬಿ. ಅದಕ್ಕೆ ಜೀವ ಕೊಡುವುದು ಕಮಾನು. ತೆಳ್ಳಗಿನ ಬಾಗಿದ ಒಂದು ಕೋಲು, ಅದರ ಈ ತುದಿಯಿಂದ ಆ ತುದಿಗೆ ಬಿಗಿದ ಕುದುರೆ ಬಾಲದ ಕೂದಲು, ಬುಡದಲ್ಲಿ ಬಿಗಿ ಮಾಡಲು ಒಂದು ತಿರುಪು. ಪೆಟ್ಟಿಗೆ ನೆಲಕ್ಕೆ ಬಿದ್ದರೆ ಪಿಟೀಲು ಹೇಗೋ ಉಳಿದುಕೊಳ್ಳುತ್ತದೆ. ಕಮಾನಿನ ತುದಿಯ ಕತ್ತು ಮಾತ್ರ ಪಟ್ಟೆಂದು ಹೋಗುತ್ತದೆ. ಅಂಥದ್ದರಲ್ಲಿ ನನ್ನ ಕಮಾನಿನ ಕತ್ತು ಆಗಲೇ ಒಮ್ಮೆ ಹೋಗಿ ಬಂದದ್ದು.

ಅದು ನನ್ನ ಮೇಷ್ಟ್ರ ಕಮಾನು. ನನ್ನ ತವರು ಹರಪನಹಳ್ಳಿ. ಅಲ್ಲಿ ನಮ್ಮ ಓಣಿಯ ಕೊನೆಯ ಮನೆಯಲ್ಲಿ ನಾಗಪ್ಪ ಮೇಷ್ಟ್ರು ಇದ್ದರು. ನಾಟಕ ಕಂಪನಿಯಲ್ಲಿ ಪಿಟೀಲು ಬಾರಿಸಿ, ಕಂಪನಿ ಮುಳುಗಿದ ಮೇಲೆ ಮಕ್ಕಳಿಗೆ ಪಾಠ ಹೇಳುತ್ತಿದ್ದವರು. ಮುಳುಗಿದ್ದರಲ್ಲಿ ಅವರ ಪಾಲು ಎಷ್ಟೆಂದು ನಾವು ಕೇಳುತ್ತಿರಲಿಲ್ಲ. ಶ್ರುತಿ ತಪ್ಪಿದರೆ ಅವರು ಬೈಯುತ್ತಿರಲಿಲ್ಲ, ನುಡಿಸುತ್ತಿದ್ದ ಕಮಾನನ್ನು ತಿರುಗಿಸಿ ತಲೆಯ ಮೇಲೆ ಒಂದು ಬಿಡುತ್ತಿದ್ದರು. ಹೀಗಾಗಿ ಆ ಕಮಾನಿನ ತೂಕ, ಬಾಗು, ಚುರುಕು ಎಲ್ಲ ನನ್ನ ಕೈಗಿಂತ ಮೊದಲು ನನ್ನ ತಲೆಗೆ ಗೊತ್ತಾಯಿತು. ಸಂಗೀತ ತಲೆಗೆ ಹತ್ತುವುದು ಎಂದರೆ ಇದೇ ಇರಬೇಕು ಎಂದುಕೊಂಡಿದ್ದೆ.

ಒಮ್ಮೆ ಕಂಪನಿಯ ಲಾರಿ ಮೈಲಾರದ ಹತ್ತಿರ ಹೊಳೆಯ ಉಸುಕಿನಲ್ಲಿ ಸಿಕ್ಕಿಕೊಂಡಿತಂತೆ. ಎಲ್ಲರೂ ಇಳಿದು ತಳ್ಳಿದರಂತೆ, ಖಳನಾಯಕನೊಬ್ಬನನ್ನು ಬಿಟ್ಟು. ಅವನು ಪಾತ್ರಕ್ಕೆ ತಕ್ಕಂತೆ ಲಾರಿಯಲ್ಲೇ ಕೂತ. ಕೂತದ್ದು ಮೇಷ್ಟ್ರ ಕಮಾನಿನ ಮೇಲೆ. ಕತ್ತು ಸೀಳಿತು. ಮೇಷ್ಟ್ರು ರಾಣಿ ಪಾತ್ರದ ಸೀರೆಯ ಸೆರಗಿನಿಂದ ಕೆಂಪು ರೇಷ್ಮೆ ಎಳೆ ತೆಗೆದು, ಅಂಟು ಹಚ್ಚಿ, ಒತ್ತೊತ್ತಾಗಿ ಸುತ್ತಿದರು. ಆಮೇಲೆ ಅದರ ನಾದ ಮೊದಲಿಗಿಂತ ಚೆನ್ನಾಯಿತು ಎಂದು ಅವರು ಹೇಳುತ್ತಿದ್ದರು. ಮೊದಲಿನದನ್ನು ಕೇಳಿದವರು ಯಾರೂ ಇರಲಿಲ್ಲವಾದ್ದರಿಂದ ನಂಬಿದೆವು. ನನ್ನ ಮದುವೆಯ ದಿನ ಆ ಕಮಾನನ್ನು ನನಗೆ ಕೊಟ್ಟು, 'ಇದರ ಮ್ಯಾಲ ಯಾರನ್ನೂ ಕೂಡಗೊಡಬ್ಯಾಡ' ಎಂದರು. ಕಣ್ಣು ಒದ್ದೆಯಾಗಿತ್ತು. ಅವರಿಂದ ನನಗೆ ಸಿಕ್ಕ ಆಶೀರ್ವಾದ ಅಷ್ಟೇ. ಬೇರೆಯವರಿಗೆ ಅವರು ಅಷ್ಟನ್ನೂ ಹೇಳಿದವರಲ್ಲ. ಈಗ ಅವರಿಲ್ಲ.

ಆ ಕಮಾನನ್ನು ಇಷ್ಟು ವರ್ಷ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಸುತ್ತಿದವಳು ನಾನು. ನನ್ನ ಪಿಟೀಲಿನ ಪೆಟ್ಟಿಗೆಯಲ್ಲಿ ಕಮಾನು ಹಿಡಿದಿಡುವ ತಿರುಗಿಸುವ ಗುಂಡಿಗಳು ಮುರಿದು ಯಾವ ಕಾಲವಾಯಿತೋ. ಬಸ್ಸಿಗೆ ತೊಡೆ ಸಾಕಿತ್ತು. ವಿಮಾನದಲ್ಲಿ ಏನು ಮಾಡಬೇಕು? ವಿಮಾನದವರ ಸಹಾಯವಾಣಿಗೆ ಫೋನು ಮಾಡಿದೆ. ಒಂದು ಒತ್ತಿ, ಎರಡು ಒತ್ತಿ, ಮೂರು ಒತ್ತಿ ಎಂದು ಯಂತ್ರವೊಂದು ನನ್ನಿಂದ ಸಾಕಷ್ಟು ಒತ್ತಿಸಿಕೊಂಡ ಮೇಲೆ ಒಬ್ಬ ಹುಡುಗಿ ಸಿಕ್ಕಳು. ಬೆಂಗಳೂರು ಕನ್ನಡ. ಪೇಟೆ ಹುಡುಗಿಗೆ ಕಮಾನು ತಿಳಿಯಲಿಕ್ಕಿಲ್ಲ ಎಂದು ನಾನು ಜಾಣತನ ಮಾಡಿ, 'ನನ್ನ ಹತ್ರ ಒಂದು ಬೋ ಐತ್ರಿ, ಅದನ್ನ ಹೆಂಗ ತರಬೇಕು?' ಎಂದೆ.

'ಬಿಲ್ಲು ಬಾಣಗಳನ್ನು ಕ್ಯಾಬಿನ್ನಿನಲ್ಲಿ ಬಿಡುವುದಿಲ್ಲ ಮೇಡಂ.'

'ಬಾಣ ಇಲ್ಲವ್ವ. ಬರೇ ಬಿಲ್ಲು.'

'ಬಾಣ ಇಲ್ಲದೆ ಬಿಲ್ಲು ಯಾಕೆ ಮೇಡಂ?'

ಈ ಪ್ರಶ್ನೆ ನನ್ನನ್ನು ನಾನು ಎಷ್ಟೋ ಸಲ ಕೇಳಿಕೊಂಡದ್ದೇ. ಪಿಟೀಲಿನದು ಎಂದು ಬಿಡಿಸಿ ಹೇಳಿದೆ. ಅವಳು ನನ್ನನ್ನು ಕಾಯಲು ಹೇಳಿ ಒಂದು ಸಂಗೀತ ಹಾಕಿ ಹೋದಳು. ಆ ಸಂಗೀತದಲ್ಲೂ ಒಂದು ಪಿಟೀಲಿತ್ತು. ಶ್ರುತಿ ಸರಿ ಇರಲಿಲ್ಲ. ಮೇಷ್ಟ್ರು ಕೇಳಿದ್ದರೆ ಫೋನಿನೊಳಗೇ ಕೈ ಹಾಕಿ ಬಾರಿಸುತ್ತಿದ್ದರು. ಕೊನೆಗೆ ಅವಳು ಬಂದು, 'ಪಿಟೀಲು ಕೈಯಲ್ಲಿ ತರಬಹುದು, ಬಿಲ್ಲನ್ನು ಸೂಕ್ತವಾಗಿ ಪ್ಯಾಕ್ ಮಾಡಿ' ಎಂದಳು. ಸೂಕ್ತವಾಗಿ ಎಂದರೆ ಹೇಗೆ ಎಂದು ಕೇಳುವುದರೊಳಗೆ, ತೃಪ್ತಿಯಾಗಿದ್ದರೆ ಒಂದು ಒತ್ತಿ ಎಂದು ಯಂತ್ರ ಶುರು ಮಾಡಿತು.

ಸೂಕ್ತವಾಗಿ ಎಂದರೇನೆಂದು ಹೇಳಲು ಕೊಟ್ಟೂರಿನಲ್ಲಿ ಜನಕ್ಕೆ ಬರವೇ? ಎದುರು ಮನೆಯ ಕೊಟ್ರಬಸಪ್ಪನವರು ಒಮ್ಮೆ ವಿಮಾನದಲ್ಲಿ ಕಾಶಿಗೆ ಹೋಗಿ ಬಂದವರು. ಅಂದಿನಿಂದ ಆಕಾಶದ ವಿಷಯದಲ್ಲಿ ಅವರ ಮಾತೇ ಕೊನೆ. 'ಮ್ಯಾಲ ಹೋದಂಗ ಗಾಳಿ ಸಡಲಾಕ್ಕೈತಿ ನೋಡ್ರಿ. ನಾ ಒಯ್ದಿದ್ದ ಚಿಪ್ಸಿನ ಪಾಕೀಟು ಹೊಟ್ಟಿ ಉಬ್ಬಿಸಿಕೊಂಡು ಕುಂತಿತ್ತು. ನಿಮ್ಮ ಕುದರಿ ಕೂದಲಾನೂ ಉಬ್ಬತೈತಿ' ಎಂದರು. ಕೂದಲು ಹೇಗೆ ಉಬ್ಬುತ್ತದೆ ಎಂದು ನಾನು ಕೇಳಲಿಲ್ಲ. ಅವರ ಸ್ವಂತ ತಲೆಯಲ್ಲಿ ಉದಾಹರಣೆಗೆ ಒಂದೂ ಉಳಿದಿರಲಿಲ್ಲ. ಆದರೆ ಭಯವಂತೂ ಹೊಕ್ಕಿತು. ಕೂದಲು ಒಣಗಿ ಬಿಗಿದುಕೊಂಡರೆ ಕತ್ತಿನ ಮೇಲೆ ಎಳೆತ ಬೀಳುತ್ತದೆ. ಪ್ರಯಾಣದಲ್ಲಿ ತಿರುಪು ಸಡಿಲಿಸಬೇಕು ಎನ್ನುವುದು ನನಗೂ ಗೊತ್ತಿತ್ತು. ಎಷ್ಟು ಸಡಿಲಿಸಬೇಕು ಎನ್ನುವುದು ಗೊತ್ತಿರಲಿಲ್ಲ. ದಿನಾ ಸ್ವಲ್ಪ ಸಡಿಲಿಸಿ, ರಾತ್ರಿ ಹೆದರಿ ಮತ್ತೆ ಸ್ವಲ್ಪ ಬಿಗಿ ಮಾಡಿ, ಹೊರಡುವ ಮೊದಲೇ ಕಮಾನಿಗೆ ವಿಮಾನದ ಆಯಾಸವನ್ನೆಲ್ಲ ಮನೆಯಲ್ಲೇ ಒದಗಿಸಿದೆ.

ಇನ್ನು ನಮ್ಮ ಮನೆಯವರ ವಿಷಯಕ್ಕೆ ಬರಬೇಕು. ಬರದೆ ಗತಿಯಿಲ್ಲ.

ನಮ್ಮ ಮನೆಯವರದು ಪೈಪು, ಮೋಟಾರು ಅಂಗಡಿ. ಬೋರ್‌ವೆಲ್ಲಿಗೆ ಬೇಕಾದ್ದೆಲ್ಲ ಅಲ್ಲಿ ಸಿಗುತ್ತದೆ, ನೀರೊಂದನ್ನು ಬಿಟ್ಟು. ಅವರ ಪ್ರಕಾರ ಜಗತ್ತಿನಲ್ಲಿ ಇರುವ ಕಷ್ಟಗಳು ಎರಡೇ: ಪೈಪು ಸಾಲದೆ ಇರುವುದು, ಪೈಪು ಸೋರುವುದು. ನನ್ನನ್ನು ನೋಡಲು ಹರಪನಹಳ್ಳಿಗೆ ಬಂದ ದಿನ, ಹುಡುಗಿ ಪಿಟೀಲು ಬಾರಿಸುತ್ತಾಳೆ ಎಂದು ನಮ್ಮಪ್ಪ ನನ್ನನ್ನು ಕೂರಿಸಿದ್ದರು. ನಾನು ತಲೆ ತಗ್ಗಿಸಿ ನುಡಿಸಿ ಮುಗಿಸಿ ನೋಡಿದರೆ ವರ ಇಲ್ಲ. ಹಿತ್ತಲ ಬಾವಿಯ ಮೋಟಾರು ಏನೋ ಸದ್ದು ಮಾಡುತ್ತಿದೆ ಎಂದು ಎದ್ದು ಹೋಗಿದ್ದರು. ಸದ್ದು ಮೋಟಾರಿನದಲ್ಲ, ನನ್ನದು ಎಂದು ಯಾರಿಗೂ ಹೇಳಲು ಮನಸ್ಸಾಗಲಿಲ್ಲ. ಒಪ್ಪಿಗೆ ಎಂದರು. ನಾನೋ, ಮೋಟಾರೋ, ಯಾವುದು ಒಪ್ಪಿಗೆಯಾಯಿತು ಎಂದು ಈವರೆಗೆ ಸ್ಪಷ್ಟವಾಗಿಲ್ಲ.

ಮದುವೆಯಾದ ಮೇಲೂ ಅಷ್ಟೇ. ನಾನು ಪೆಟ್ಟಿಗೆ ತೆರೆದರೆ ಅವರಿಗೆ ಮಾಳಿಗೆಯ ಟ್ಯಾಂಕು ನೆನಪಾಗುತ್ತದೆ. ಅವರು ಕೆಟ್ಟವರಲ್ಲ. ಬೇಡ ಎಂದವರಲ್ಲ, ನಿಲ್ಲಿಸು ಎಂದವರಲ್ಲ, ಕೇಳಿದವರೂ ಅಲ್ಲ. ಅಂಥವರು, ನಾನು ಕಮಾನನ್ನು ಹಳೇ ಸೀರೆಯಲ್ಲಿ ಸುತ್ತುವುದು, ಬಿಚ್ಚುವುದು, ಕಣ್ಣಲ್ಲಿ ನೀರು ತಂದುಕೊಳ್ಳುವುದು ನೋಡಿ ನೋಡಿ ಒಂದು ದಿನ ಅಂಗಡಿಯಿಂದ ಪೈಪು ತಂದೇಬಿಟ್ಟರು.

'ಇದರಾಗ ಹಾಕು. ಟ್ರ್ಯಾಕ್ಟರ್ ಹಾದ್ರೂ ನಿನ್ನ ಕಡ್ಡಿಗೆ ಏನೂ ಆಗಂಗಿಲ್ಲ.'

'ವಿಮಾನದಾಗ ಟ್ರ್ಯಾಕ್ಟರ್ ಯಾಕ ಬರತೈತ್ರಿ?'

'ಬಂದ್ರ?'

ಒಳಗೆ ಅಲುಗಾಡಬಾರದಲ್ಲ, ಅದಕ್ಕೆ ಮೆತ್ತಗಿನದು ಏನಾದರೂ ಬೇಕಿತ್ತು. ಪಾಠಕ್ಕೆ ಬರುವ ಹುಡುಗಿಯ ತಾಯಿ ಹಾಲಮ್ಮ, ಕುರಿ ಸಾಕುವ ಮನೆಯವಳು, ಒಂದು ಚೀಲ ಬಿಳಿ ಉಣ್ಣೆ ತಂದುಕೊಟ್ಟಳು. 'ತುರುಕ್ರಿ ಅಕ್ಕಾರ. ಕೂಸು ಮಲಗಿದಂಗ ಮಲಗತೈತಿ' ಎಂದಳು. ಮಲಗಿಸಿದೆವು. ನಾನು ಒಳಗೆ ಉಣ್ಣೆ ಹಿಡಿದೆ, ನಮ್ಮ ಮನೆಯವರು ಕೋಲು ಇಳಿಸಿದರು. ಇಷ್ಟು ವರ್ಷದ ಸಂಸಾರದಲ್ಲಿ ಇಬ್ಬರೂ ಸೇರಿ ಆ ಕಮಾನನ್ನು ಹಿಡಿದದ್ದು ಅದೇ ಮೊದಲು. ಆ ಕ್ಷಣದ ಸೌಂದರ್ಯವನ್ನು ನಾನು ಇನ್ನೂ ಸವಿಯುತ್ತಿರುವಾಗಲೇ ಅವರು ಎರಡೂ ಬಾಯಿಗೆ ಮುಚ್ಚಳ ಬಡಿದು, ಸುತ್ತಲೂ ಅಂಟು ಹಚ್ಚಿಬಿಟ್ಟಿದ್ದರು. ಬೋರ್‌ವೆಲ್ ಪೈಪು ಜೋಡಿಸುವ ಅಂಟು. ಅದು ಒಣಗಿದರೆ ಭೂಮಿ ಬಿರಿದರೂ ಬಿಡುವುದಿಲ್ಲ.

'ಅಲ್ರೀ, ತೆಗಿಯೂದು ಹೆಂಗ?'

'ಅದಕ್ಕ ವ್ಯವಸ್ಥಾ ಮಾಡೀನಿ. ದಿಲ್ಲಿ ಮುಟ್ಟಿದ ಮ್ಯಾಲ ಫೋನ್ ಮಾಡು, ಹೇಳ್ತೀನಿ.'

ಹೊರಡುವ ದಿನ ಬೆಳಿಗ್ಗೆ ಅಂಗಡಿಯ ಗಾಡಿಯಲ್ಲಿ ಅವರೇ ನನ್ನನ್ನು ಕರೆದೊಯ್ದರು. ಹಡಗಲಿಯಲ್ಲಿ ಪಾರ್ವತಕ್ಕ ಹತ್ತಿದಳು. ಗಂಟಲಿಗೆ ಮಫ್ಲರು, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು. ತನ್ನ ಕಂಠಕ್ಕೂ ಒಂದು ಪೈಪು ಸಿಕ್ಕಿದ್ದರೆ ಅದರೊಳಗೇ ಕೂತು ಬರುತ್ತಿದ್ದಳು. ಹೊಳೆ ದಾಟಿ ಹಾವೇರಿ ಹಿಡಿದು ಹುಬ್ಬಳ್ಳಿ ಮುಟ್ಟುವ ತನಕ ಅವಳು ಮಾತಾಡಲಿಲ್ಲ, ಸನ್ನೆ ಮಾಡಿದಳು. ನನ್ನ ತೊಡೆಯ ಮೇಲೆ ಪೈಪು. ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದಲ್ಲಿ ಒಬ್ಬ ರೈತ ಬಂದು ನಮ್ಮ ಮನೆಯವರನ್ನು, 'ಈ ಸೈಜು ಎಷ್ಟಕ್ಕ ಕೊಡ್ತೀರಿ ಸಾವ್ಕಾರ್ರ?' ಎಂದು ಕೇಳಿದ. ಅವರು ಒಂದು ಕ್ಷಣ ಯೋಚಿಸಿದರು. ಅದನ್ನು ನಾನು ನೋಡಿದೆ.

ನಿಲ್ದಾಣದ ಬಾಗಿಲಲ್ಲಿ ಅವರು ನಿಂತರು. ಒಳಗೆ ಟಿಕೆಟ್ಟಿನವರಿಗೆ ಮಾತ್ರ ಪ್ರವೇಶ. 'ನಾ ಇಲ್ಲೇ ಇರ್ತೀನಿ. ಅದು ಏರೂದು ಕಣ್ಣಾರೆ ಕಂಡ ಮ್ಯಾಲ ಹೊಕ್ಕೀನಿ' ಎಂದರು. ವಿಮಾನದ ಮೇಲೆ ಅವರಿಗೆ ಅಷ್ಟು ನಂಬಿಕೆ.

ಒಳಗೆ ತಪಾಸಣೆಯ ಯಂತ್ರದೊಳಗೆ ಮೊದಲು ಪಾರ್ವತಕ್ಕನ ಫ್ಲಾಸ್ಕು ಹೋಯಿತು. ಆಮೇಲೆ ನನ್ನ ಕೈಚೀಲ, ಪಿಟೀಲಿನ ಪೆಟ್ಟಿಗೆ, ಪೈಪು. ಸಾಮಾನು ಸಾಗಿಸುವ ಪಟ್ಟಿ ನಿಂತಿತು. ಹಿಂದಕ್ಕೆ ಹೋಯಿತು. ಮತ್ತೆ ಮುಂದಕ್ಕೆ ಬಂತು. ಪರದೆ ನೋಡುತ್ತಿದ್ದವರು ಇನ್ನೊಬ್ಬರನ್ನು ಕರೆದರು, ಆ ಇನ್ನೊಬ್ಬರು ಮತ್ತೊಬ್ಬರನ್ನು. ಕಛೇರಿಯಲ್ಲಿ ಯಾವತ್ತೂ ನನ್ನ ವಾದ್ಯವನ್ನು ಅಷ್ಟು ಜನ ಅಷ್ಟು ಏಕಾಗ್ರತೆಯಿಂದ ಗಮನಿಸಿದ್ದಿಲ್ಲ.

ಖಾಕಿ ತೊಟ್ಟ ಒಬ್ಬ ಹೆಣ್ಣುಮಗಳು ನನ್ನನ್ನು ಪಕ್ಕಕ್ಕೆ ಕರೆದಳು. ಧಾರವಾಡ ಕಡೆಯ ಮಾತು. ಮೊದಲು ನನ್ನ ಕೈಚೀಲಕ್ಕೆ ಕೈ ಹಾಕಿ ಶೇಂಗಾ ಚಟ್ನಿಪುಡಿಯ ಡಬ್ಬಿ ಎತ್ತಿದಳು, ಅದರಡಿಯಿಂದ ಕಾಗದದಲ್ಲಿ ಸುತ್ತಿದ ಉದ್ದನೆಯ ಏನನ್ನೋ ತೆಗೆದಳು. ಬಿಚ್ಚಿದರೆ ಕಬ್ಬಿಣ ಕೊಯ್ಯುವ ಗರಗಸದ ಬ್ಲೇಡು. ಹೊಚ್ಚ ಹೊಸದು.

'ಇದೇನ್ರಿ ಅಮ್ಮಾರ?'

ವ್ಯವಸ್ಥಾ ಮಾಡೀನಿ ಎಂದದ್ದು ಇದೇ. ನನಗೆ ಅರ್ಥವಾಯಿತು. ಆದರೆ ಅವಳಿಗೆ ಅರ್ಥ ಮಾಡಿಸುವುದು ಹೇಗೆ? ಯಂತ್ರದಲ್ಲಿ ಎರಡೂ ಬಾಯಿ ಬಿಗಿದ ಪೈಪು, ಕೈಚೀಲದಲ್ಲಿ ಬ್ಲೇಡು, ಮುಖದಲ್ಲಿ ಬೆವರು. ಅವಳ ಜಾಗದಲ್ಲಿದ್ದರೆ ನನ್ನನ್ನು ನಾನೇ ಬಂಧಿಸುತ್ತಿದ್ದೆ.

'ನಮ್ಮ ಮನೆಯವರು ಇಟ್ಟಾರವ್ವ. ನನಗ ಗೊತ್ತಿಲ್ಲ' ಎಂದೆ. ಜಗತ್ತಿನ ಎಲ್ಲ ಕಳ್ಳಸಾಗಣೆದಾರರ ಹೆಂಡಂದಿರೂ ಇದನ್ನೇ ಹೇಳಿರುತ್ತಾರೆ.

'ಪೈಪಿನಾಗ ಏನೈತಿ?'

'ಕಮಾನು.'

'ಬಿಚ್ಚಿ ತೋರಿಸ್ರಿ.'

'ಬಿಚ್ಚಾಕ ಬರಂಗಿಲ್ಲ. ಕೊಯ್ಯಬೇಕು.'

'ಕೊಯ್ಯಾಕ?'

ನಾನು ಬ್ಲೇಡಿನ ಕಡೆ ನೋಡಿದೆ. ಅವಳೂ ನೋಡಿದಳು. ಪಾರ್ವತಕ್ಕ ಅಷ್ಟು ಹೊತ್ತಿಗೆ ನನ್ನಿಂದ ಮೆಲ್ಲಗೆ ದೂರ ಸರಿದು, ನನ್ನ ಪರಿಚಯವೇ ಇಲ್ಲದ ಒಬ್ಬ ಗಾಯಕಿಯಂತೆ ಗೋಡೆಯ ಜಾಹೀರಾತು ಓದುತ್ತಿದ್ದಳು. ಪಕ್ಕವಾದ್ಯದವರಿಗೆ ಇಂಥ ಅನುಭವ ಹೊಸದಲ್ಲ.

ಆ ಹೆಣ್ಣುಮಗಳು ತನ್ನ ಮೇಲಿನವರ ಹತ್ತಿರ ಹೋಗಿ ಬಂದಳು. ಮುಚ್ಚಿದ ಪೈಪು ಒಳಗೆ ಹೋಗುವಂತಿಲ್ಲ. ಒಂದೋ ಅದನ್ನು ಇಲ್ಲೇ ಬಿಡಬೇಕು, ಇಲ್ಲವೇ ಹೊರಗೆ ಹೋಗಿ ಬಿಚ್ಚಿಸಿಕೊಂಡು ಬರಬೇಕು. 'ಬಿಟ್ಟು ಬಾ' ಎಂದು ಪಾರ್ವತಕ್ಕ ದೂರದಿಂದ ಸನ್ನೆ ಮಾಡಿದಳು. ದಿಲ್ಲಿಯಲ್ಲಿ ಯಾರದಾದರೂ ಕಮಾನು ಸಿಗುತ್ತದೆ ಎಂಬಂತೆ ಗಾಳಿಯಲ್ಲಿ ಕುಯ್ದು ತೋರಿಸಿದಳು.

ಸಿಗುತ್ತಿತ್ತು, ನನಗೂ ಗೊತ್ತು. ಆದರೆ ಆ ಬೂದು ಪೈಪನ್ನು ಅಲ್ಲಿ ಜಪ್ತಿಯಾದ ಕತ್ತರಿ, ಲೈಟರುಗಳ ಬುಟ್ಟಿಯ ಪಕ್ಕ ಒರಗಿಸಿದ್ದನ್ನು ನೋಡಿದೆ. 'ನಾ ಹೊರಗ ಹೊಕ್ಕೀನಿ' ಎಂದೆ. 'ವಿಮಾನ ತಪ್ಪಿದರೂ ಸೈ.'

ಖಾಕಿಯವಳು ಜೊತೆಗೆ ಬಂದಳು. ನಮ್ಮ ಮನೆಯವರು ಹೊರಗೆ ಕಟ್ಟೆಯ ಮೇಲೆ ಕೂತು ಆಕಾಶ ನೋಡುತ್ತಿದ್ದರು. ಬಾಗಿಲಿನಿಂದ ಪಿಟೀಲಿನ ಪೆಟ್ಟಿಗೆ ಹಿಡಿದ ನಾನು, ನನ್ನ ಹಿಂದೆ ಖಾಕಿ, ಅವಳ ಕೈಯಲ್ಲಿ ಪೈಪು ಬರುವುದನ್ನು ಕಂಡು ಎದ್ದು ನಿಂತರು. ಮೊದಲ ಮಾತು, 'ಸೋರಿತೇನು?'

ನಾನು ಏನು ಹೇಳಿದೆನೋ ಪೂರ್ತಿ ನೆನಪಿಲ್ಲ. ನೆನಪಿದ್ದರೂ ಇಲ್ಲಿ ಬರೆಯುವಂಥದ್ದಲ್ಲ. ಬಾಡಿಗೆ ಕಾರಿನ ಚಾಲಕರು ಬೀಡಿ ಆರಿಸಿ ಹತ್ತಿರ ಬಂದರು ಎಂದರೆ ಊಹಿಸಿಕೊಳ್ಳಿ. ನಮ್ಮ ಮನೆಯವರು ಎಲ್ಲವನ್ನೂ ಕೇಳಿಸಿಕೊಂಡು, ಗಾಡಿಯಿಂದ ಗರಗಸ ತಂದು, ಕಟ್ಟೆಯ ಮೇಲೆ ಪೈಪು ಮಲಗಿಸಿ ಕಾಲಲ್ಲಿ ಒತ್ತಿ ಹಿಡಿದರು. ಆಮೇಲೆ ಸುಮ್ಮನೆ ನಿಂತರು.

'ಕೊಯ್ರಿ!' ಎಂದೆ.

'ಒಳಗ ತುದಿ ಎಲ್ಲಿಗೆ ಬಂದೈತಿ?'

'ನೀವೇ ಹಾಕಿದ್ದಲ್ಲ?'

'ನೆನಪಿಲ್ಲ.'

ದಿನಾ ಬೆಳಗಾದರೆ ಪೈಪು ಕೊಯ್ಯುವ ಮನುಷ್ಯ. ಗಿರಾಕಿಯ ಜೊತೆ ಮಾತಾಡುತ್ತಾ, ಇನ್ನೊಂದು ಕೈಯಲ್ಲಿ ಚಹಾ ಹಿಡಿದು ಕೊಯ್ದದ್ದನ್ನು ಕಂಡಿದ್ದೇನೆ. ಅವರ ಕೈ ನಡುಗುತ್ತಿತ್ತು. ಒಂದೆರಡು ಸಲ ಎಳೆದರು, ನಿಲ್ಲಿಸಿ ಕಿವಿ ಹಚ್ಚಿದರು. ಮತ್ತೆ ಎಳೆದರು. ಹಣೆಯಿಂದ ಬೆವರು ಪೈಪಿನ ಮೇಲೆ ಬಿತ್ತು. 'ಇದಕ್ಕ ಏನರ ಆದ್ರ...' ಎಂದು ಶುರು ಮಾಡಿ ಮುಗಿಸಲಿಲ್ಲ. ನಾನು ಅಷ್ಟು ಹೊತ್ತು ಬೈದವಳು, ಪೈಪಿನ ಇನ್ನೊಂದು ತುದಿಯನ್ನು ಹಿಡಿದುಕೊಂಡು ಕೂತೆ. ಬೈಯುವುದು ಮರೆತೇಹೋಯಿತು.

ಮುಚ್ಚಳ ಕಳಚಿ ಬಿತ್ತು. ಬಿಳಿ ಉಣ್ಣೆ ಬುಸ್ಸೆಂದು ಹೊರಗೆ ಬಂತು. ಖಾಕಿಯವಳು ಒಂದು ಹೆಜ್ಜೆ ಹಿಂದೆ ಸರಿದಳು. ಅವಳ ತರಬೇತಿಯಲ್ಲಿ ಕುರಿಯ ಪಾಠ ಇರಲಿಲ್ಲವೆಂದು ಕಾಣುತ್ತದೆ. ನಾನು ಉಣ್ಣೆ ಬಿಡಿಸಿ ಕಮಾನನ್ನು ಮೆಲ್ಲಗೆ ಎಳೆದೆ. ಕೋಲು ನೆಟ್ಟಗಿತ್ತು, ಕೆಂಪು ದಾರ ಇದ್ದಲ್ಲೇ ಇತ್ತು. ಆದರೆ ದಾರದ ಅಡಿಯಲ್ಲಿ ಆ ಹಳೆಯ ಸೀಳು ಗರಗಸದ ಅದುರಾಟಕ್ಕೆ ಬಾಯಿ ಬಿಟ್ಟಿದೆಯೋ ಇಲ್ಲವೋ ಕಣ್ಣಿಗೆ ತಿಳಿಯುವಂತಿರಲಿಲ್ಲ.

'ಸರಿ ಐತೇನು?' ಎಂದರು ನಮ್ಮ ಮನೆಯವರು.

'ನುಡಿಸಿದ್ರನ ಗೊತ್ತಾಗೂದು.'

'ನುಡಿಸು ಮತ್ತ.'

'ಇಲ್ಲಿ?'

'ಮುರದಿದ್ರ ಒಳಗ ಹೋಗಿ ಏನ್ ಮಾಡ್ತಿ? ನುಡಿಸು.'

ಖಾಕಿಯವಳು ಗಡಿಯಾರ ನೋಡಿದಳು, ಆದರೆ ಬೇಡ ಎನ್ನಲಿಲ್ಲ. ನಾನು ಪೆಟ್ಟಿಗೆ ತೆರೆದೆ. ಇಡಲು ಜಾಗವಿಲ್ಲದೆ ಅದನ್ನು ನಮ್ಮ ಮನೆಯವರ ಎರಡೂ ಕೈಗೆ ಕೊಟ್ಟೆ. ತಿರುಪು ಬಿಗಿ ಮಾಡಿದೆ, ಕೂದಲಿಗೆ ರಾಳ ಉಜ್ಜಿದೆ, ಕಟ್ಟೆಯ ಮೇಲೆ ಕಾಲು ಮಡಚಿ ಕೂತೆ. ಏನು ನುಡಿಸಬೇಕೆಂದು ತೋಚಲಿಲ್ಲ. ಕೈ ತಾನಾಗಿ ಮೇಷ್ಟ್ರ ಹಳೆಯ ಧಾಟಿಯೊಂದಕ್ಕೆ ಹೋಯಿತು. ನಾಟಕದಲ್ಲಿ ನಾಯಕಿ ದಾರಿ ಕಾಯುವಾಗ ಅವರು ಬಾರಿಸುತ್ತಿದ್ದದ್ದು. ಮೊದಲರ್ಧ ಒಂದೊಂದೇ ಸ್ವರ ಮೆಟ್ಟಿಲಿನಂತೆ ಮೇಲೇರುತ್ತದೆ, ಉಳಿದರ್ಧ ನಿಧಾನಕ್ಕೆ ಇಳಿದು ಬರುತ್ತದೆ.

ಕಮಾನು ಹಾಡಿತು. ಎಲ್ಲೂ ಒಡಕಿಲ್ಲ. ಮೊದಮೊದಲು ನಾನು ಸೀಳಿನ ಸದ್ದಿಗೇ ಕಿವಿ ಕೊಟ್ಟಿದ್ದೆ, ಆಮೇಲೆ ಅದನ್ನೂ ಬಿಟ್ಟೆ. ಕಾರಿನ ಚಾಲಕರು ಸುತ್ತ ನಿಂತರು. ಟ್ರಾಲಿ ತಳ್ಳುವವರು ನಿಂತರು. ನಮ್ಮ ಮನೆಯವರು ಎರಡು ಕೈಯಲ್ಲೂ ಪೆಟ್ಟಿಗೆ ಹಿಡಿದಿದ್ದರು, ಎಲ್ಲಿಗೂ ಹೋಗುವಂತಿರಲಿಲ್ಲ. ಸುತ್ತಮುತ್ತ ಟ್ಯಾಂಕೂ ಇರಲಿಲ್ಲ, ಮೋಟಾರೂ ಇರಲಿಲ್ಲ. ಬೇರೆ ದಾರಿ ಕಾಣದೆ ಮನುಷ್ಯ ಕೇಳಿದರು. ತಲೆ ಸ್ವಲ್ಪ ಓರೆ ಮಾಡಿ, ದೂರದಲ್ಲಿ ನೀರು ಬರುವ ಸದ್ದಿಗೆ ಕಿವಿಗೊಡುವವರ ಹಾಗೆ.

ನಾನು ಮೇಲಿನ ಸ್ವರಕ್ಕೆ ಹೋಗಿ ನಿಂತಿದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ಮಫ್ಲರು ಕಾಣಿಸಿತು. ಹಡಗಲಿಯಿಂದ ಮುಚ್ಚಿಟ್ಟುಕೊಂಡು ಬಂದಿದ್ದ ಕಂಠವನ್ನೆಲ್ಲ ಒಂದೇ ಸಲ ಖರ್ಚು ಮಾಡಿ ಪಾರ್ವತಕ್ಕ ಕಿರುಚಿದಳು:

'ಏ ವಿಶಾಲೀ! ಬಾಗಲಾ ಹಾಕಾಕತ್ಯಾರ! ಬರ್ತೀಯೋ ಇಲ್ಲಾ ಇಲ್ಲೇ ಕಛೇರಿ ಮಾಡ್ತೀಯೋ?'

ನಾನು ಎದ್ದೆ. ನಮ್ಮ ಮನೆಯವರು ಹೆಗಲ ಮೇಲಿನ ಟವೆಲು ತೆಗೆದು ಕಮಾನಿಗೆ ಸುತ್ತಿ ಕೊಟ್ಟರು. ಖಾಕಿಯವಳು ನನ್ನ ಕೈ ಹಿಡಿದು ಓಡಿಸಿದಳು. ಯಂತ್ರದೊಳಗಿಂದ ಕಮಾನು ಈ ಸಲ ಸಲೀಸಾಗಿ ಬಂತು. ಬಿಚ್ಚಿ ತೋರಿಸಬಹುದಾದ ವಸ್ತುವನ್ನು ಯಾರೂ ಬಿಚ್ಚಿ ತೋರಿಸು ಎನ್ನುವುದಿಲ್ಲ.

ವಿಮಾನದ ವಿಷಯ ಹೇಳುವಂಥದ್ದು ಏನೂ ಇಲ್ಲ. ಮೇಲಿನ ಗೂಡಿನಲ್ಲಿ ಪಿಟೀಲು, ಅದರ ಬೆನ್ನಿಗೆ ಟವೆಲು ಸುತ್ತಿದ ಕಮಾನು. ಯಾರು ಎದ್ದು ಆ ಗೂಡಿಗೆ ಕೈ ಹಾಕಿದರೂ ನಾನೂ ಎದ್ದು ನಿಲ್ಲುತ್ತಿದ್ದೆ. ಗಗನಸಖಿ ಬಂದು ಕೂರಿಸುತ್ತಿದ್ದಳು. ಆಕಾಶದಿಂದ ಭೂಮಿ ಹೇಗೆ ಕಾಣುತ್ತದೆ ಎಂದು ಓಣಿಯವರು ಆಮೇಲೆ ಕೇಳಿದರು; ಗೂಡಿನ ಮುಚ್ಚಳದ ಬಣ್ಣ ಬೇಕಾದರೆ ಹೇಳಬಲ್ಲೆ. ಕೊಟ್ರಬಸಪ್ಪನವರು ಕೂದಲು ಉಬ್ಬಿತೇ ಎಂದು ವಿಚಾರಿಸಿದರು. ಇಲ್ಲ ಎಂದದ್ದಕ್ಕೆ, 'ನೀವು ಬಹಳ ಮ್ಯಾಲ ಹೋಗಿಲ್ಲ ಬಿಡ್ರಿ' ಎಂದು ನನ್ನ ಪ್ರಯಾಣವನ್ನೇ ತಳ್ಳಿಹಾಕಿದರು.

ದಿಲ್ಲಿಯ ಕಛೇರಿಯೂ ಆಯಿತು. ಪಾರ್ವತಕ್ಕನ ಗಂಟಲು ಹುಬ್ಬಳ್ಳಿಯ ಕಿರುಚಾಟಕ್ಕೇ ಹೋಗಿದ್ದರಿಂದ ಅವಳು ಅರ್ಧ ಹಾಡಿದಳು, ಉಳಿದರ್ಧವನ್ನು ನಾನು ನುಡಿಸಿದೆ. ಮೈಕು ಅವಳ ಮುಂದೆ ಮಾತ್ರ ಇದ್ದದ್ದರಿಂದ ಆ ಉಳಿದರ್ಧ ಮುಂದಿನ ಸಾಲಿನ ಅತಿಥಿಗಳಿಗೆ ಮಾತ್ರ ಕೇಳಿಸಿತು. ಅವರು ಫೋನು ನೋಡುತ್ತಿದ್ದರು. ಸನ್ಮಾನ ಮಾಡುವಾಗ ನನ್ನನ್ನು ತಬಲಾ ವಾದಕಿ ಎಂದು ಕರೆದರು. ಸಂಘದವರೊಬ್ಬರು ನನ್ನ ಟವೆಲು ನೋಡಿ ಮರುಗಿ, ಅಲ್ಲಿನ ವಾದ್ಯದ ಅಂಗಡಿಗೆ ಕರೆದೊಯ್ದು ಪೆಟ್ಟಿಗೆಯೊಳಗೆ ಎರಡು ಹೊಸ ಗುಂಡಿ ಹಾಕಿಸಿಕೊಟ್ಟರು. ಹೆಬ್ಬೆರಳಿನಷ್ಟು ಗಾತ್ರದವು. ತಿರುಗಿಸಿದರೆ ಕಮಾನು ಕೂತುಕೊಳ್ಳುತ್ತದೆ, ಅಲುಗುವುದಿಲ್ಲ. ಇಷ್ಟೇ ಬೇಕಾಗಿದ್ದದ್ದು. ಇಷ್ಟಕ್ಕೇ ನಾವು ಒಂದು ಬೋರ್‌ವೆಲ್ಲಿಗೆ ಬೇಕಾಗುವ ಸರಂಜಾಮೆಲ್ಲ ಹೊತ್ತು ಹೋಗಿದ್ದೆವು.

ಊರಿಗೆ ಬಂದೆ. ಪಾಠ ಶುರುವಾಯಿತು, ಅಂಗಡಿ ನಡೆಯುತ್ತಲೇ ಇತ್ತು. ನಮ್ಮ ಮನೆಯವರು ಏನೂ ಕೇಳಲಿಲ್ಲ. ಕಛೇರಿ ಹೇಗಾಯಿತು, ಜನ ಎಷ್ಟಿದ್ದರು, ಒಂದೂ ಇಲ್ಲ. ಬಾವಿಯ ಮೋಟಾರಿನ ಕಾಲದಿಂದ ಕಂಡ ಮನುಷ್ಯ, ನಾನೂ ಹೇಳಲು ಹೋಗಲಿಲ್ಲ.

ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ, ಅಂಗಡಿ ಬಿಟ್ಟು ಅವರು ಎಂದೂ ಮನೆಗೆ ಬಾರದ ಹೊತ್ತಿನಲ್ಲಿ, ಬಾಗಿಲು ಸದ್ದಾಯಿತು. ಮೈ ಸರಿಯಿಲ್ಲವೇನೋ ಎಂದು ನಾನು ಅಡಿಗೆಮನೆಯಿಂದ ಓಡಿ ಬಂದೆ. ಅವರು ಪಡಸಾಲೆಯಲ್ಲಿ ಚಪ್ಪಲಿ ಬಿಟ್ಟು, ಪಾಠದ ಮಕ್ಕಳು ಕೂರುವ ಚಾಪೆಯ ಮೇಲೆ ಕೂತಿದ್ದರು. ನೀರು ಬೇಕೆ ಎಂದೆ. ಬೇಡ ಎಂದು ತಲೆಯಾಡಿಸಿದರು. ಏನೋ ಮರೆತು ಬಂದಿರಬೇಕು ಎಂದು ಅತ್ತಿತ್ತ ನೋಡಿದೆ. ಅವರು ಮಾತ್ರ ಮೂಲೆಯಲ್ಲಿದ್ದ ಪೆಟ್ಟಿಗೆಯ ಕಡೆ ನೋಡುತ್ತಿದ್ದರು.

'ಅವತ್ತು ಹುಬ್ಬಳ್ಳ್ಯಾಗ ಬಾರಿಸಿದ್ದು' ಎಂದರು.

'ಹೂಂ.'

'ಮ್ಯಾಲ ಹತ್ತಿಸಿ ಅಲ್ಲೇ ಬಿಟ್ಟು ಹೋದಿ.' ಪೆಟ್ಟಿಗೆಯ ಕಡೆ ಕೈ ತೋರಿಸಿದರು. 'ಅವತ್ತಿಂದ ತಲ್ಯಾಗ ಅಲ್ಲೇ ನಿಂತೈತಿ. ಇಳಸೂದು ಬ್ಯಾಡೇನು?'

ನಾನು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡೆ. ಎದುರು ಕೂತು ಪೆಟ್ಟಿಗೆ ತೆರೆದೆ.